ಜನರ ಜೊತೆ ಸೇರಿ ನಡೆಸುವ ಸಂಶೋಧನೆಗೆ ಅಂತಾರಾಷ್ಟ್ರೀಯ ಜಾಲಗಳು ವಿಶ್ವವಿದ್ಯಾಲಯಗಳಿಗೆ ಹೇಗೆ ನೆರವಾಗುತ್ತವೆ?

ಮುಖ್ಯವಾಗಿ ತರಬೇತಿ ಕೊಟ್ಟು, ಆ ಕೆಲಸಕ್ಕೆ ಹೊರಗಿನಿಂದ ಮಾನ್ಯತೆ ತಂದುಕೊಟ್ಟು. ಹಣದ ನೆರವಿಗಿಂತ ಇವೇ ಜಾಸ್ತಿ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಯಾಕೆ ಅಂದರೆ, ಊರಿನ ಬಾವಿ ನೀರು ಯಾಕೆ ಕೆಡುತ್ತಿದೆ ಎಂದು ಊರವರ ಜೊತೆಗೇ ಹುಡುಕುವ ಅಧ್ಯಾಪಕರಿಗೆ ಬಡ್ತಿಯ ಹೊತ್ತಿನಲ್ಲಿ ಅದರಿಂದ ಲಾಭ ಕಡಿಮೆ. ಅಲ್ಲಿ ಎಣಿಕೆಗೆ ಬರುವುದು ಬಹುಮಟ್ಟಿಗೆ ಜರ್ನಲ್‌ಗಳಲ್ಲಿ ಬಂದ ಲೇಖನಗಳು. ಹಾಗಾಗಿ ಕಾಲೇಜಿನಲ್ಲಿ ಅವರು ಒಂಟಿಯಾಗಿಬಿಡುತ್ತಾರೆ. ಯುನೆಸ್ಕೋದಂಥ ಸಂಸ್ಥೆಯ ಹೆಸರು ಜೊತೆಗಿದ್ದರೆ ಕುಲಪತಿಗಳ ಮುಂದೆ ಅವರ ಮಾತಿಗೆ ತೂಕ ಬರುತ್ತದೆ, ಅಲ್ವಾ?

ಒಂದು ಉದಾಹರಣೆ ನೋಡಿ. 2012ರಲ್ಲಿ ಯುನೆಸ್ಕೋ ಈ ವಿಷಯಕ್ಕೆಂದೇ ಒಂದು ಅಧ್ಯಯನ ಪೀಠ ಸ್ಥಾಪಿಸಿತು. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಬಡ್ ಹಾಲ್ ಮತ್ತು ದೆಹಲಿಯ ‘ಪ್ರಿಯಾ’ ಎಂಬ ಸ್ವಯಂಸೇವಾ ಸಂಸ್ಥೆಯ ರಾಜೇಶ್ ಟಂಡನ್ ಅದರ ಸಹ ಮುಖ್ಯಸ್ಥರಾದರು. ಅದೇ ಪೀಠ 2017ರಲ್ಲಿ ‘ನಾಲೆಡ್ಜ್ ಫಾರ್ ಚೇಂಜ್’ ಎಂಬ ಜಾಲ ಶುರುಮಾಡಿತು. ಅದರ ಕೇಂದ್ರಗಳನ್ನು ‘ಹಬ್’ ಎನ್ನುತ್ತಾರೆ. ಒಂದು ವಿಶ್ವವಿದ್ಯಾಲಯ ಮತ್ತು ಒಂದು ಸ್ಥಳೀಯ ಜನಸಂಘಟನೆ ಒಪ್ಪಂದ ಮಾಡಿಕೊಂಡು ಹಬ್ ನಡೆಸುತ್ತವೆ. ಇದು ನನಗೆ ತುಂಬಾ ಹಿಡಿಸಿದ ಏರ್ಪಾಡು, ಜನರು ಸುಮ್ನೆ ಮಾಹಿತಿ ಕೊಡುವವರಾಗಿ ಉಳಿಯುವುದಿಲ್ಲ. ಎರಡೂ ಕಡೆಯವರು ಆನ್‌ಲೈನ್‌ನಲ್ಲೂ ಊರುಗಳಲ್ಲೂ ತರಬೇತಿ ಪಡೆದು, ತಮ್ಮಲ್ಲಿಗೆ ಮರಳಿ ಬೇರೆಯವರಿಗೆ ಕಲಿಸುತ್ತಾರೆ.

ಯುರೋಪಿನಲ್ಲಿ ‘ಲಿವಿಂಗ್ ನಾಲೆಡ್ಜ್’ ಜಾಲವಿದೆ. 1970ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದ ‘ಸೈನ್ಸ್ ಶಾಪ್’ಗಳನ್ನು, ಅಂದರೆ ಜನರ ಪ್ರಶ್ನೆಗಳಿಗೆ ಸಂಶೋಧನೆ ಮಾಡಿಕೊಡುವ ಘಟಕಗಳನ್ನು, ಅದು ಒಂದಕ್ಕೊಂದು ಬೆಸೆಯುತ್ತದೆ.