ಅಮೆರಿಕದಲ್ಲಿ ರಿಸೆಷನ್ ಬಂತು ಅಂತ ಹೇಳೋರು ಯಾರು?

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಅಮೆರಿಕದ ಕ್ಲೈಂಟ್‌ಗಳ ಸಾಫ್ಟ್‌ವೇರ್ ಕೆಲಸ ಮಾಡುತ್ತಾನೆ. ಟಿವಿಯವರು ಒಂದು ದಿನ ಅಲ್ಲಿ ರಿಸೆಷನ್ (ಆರ್ಥಿಕ ಹಿಂಜರಿತ) ಬಂದೇ ಬಿಟ್ಟಿತು ಅಂತಾರೆ, ಮರುದಿನ ಇಲ್ಲ ಅಂತಾರೆ. ಕೊನೆಯ ಮಾತು ಎನ್‌ಬಿಇಆರ್‌ನದ್ದಂತೆ. ಅದು ಸರ್ಕಾರದ ಇಲಾಖೆಯಾ? ಅದನ್ನು ನಂಬಿ ಮನೆ ಸಾಲ ತಗೋಬಹುದಾ?
– ಓದುಗರೊಬ್ಬರು, ಹಾಸನ

ಉತ್ತರ: ಇಲಾಖೆ ಅಲ್ಲ. ಎನ್‌ಬಿಇಆರ್ ಅಂದರೆ ನ್ಯಾಷನಲ್ ಬ್ಯೂರೋ ಆಫ್ ಎಕನಾಮಿಕ್ ರಿಸರ್ಚ್, ಅದು ಲಾಭಕ್ಕಾಗಿ ನಡೆಯದ ಖಾಸಗಿ ಸಂಸ್ಥೆ, 1920ರಲ್ಲಿ ಶುರುವಾಯಿತು, ಈಗ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದೆ. ಅದು ಹುಟ್ಟಿದ ಬಗೆ ನನಗೆ ತುಂಬಾ ಇಷ್ಟ. ಟೆಲಿಫೋನ್ ಕಂಪನಿಯ ಮಾಲ್ಕಮ್ ರೋರ್ಟಿ ಮತ್ತು ಸಮಾಜವಾದಿ ನಾಹುಮ್ ಸ್ಟೋನ್, ಇಬ್ಬರದೂ ಎಣ್ಣೆ-ಸೀಗೆಕಾಯಿ ಅನ್ನುವಂಥ ವಿಚಾರಗಳು. ಆದರೂ ದೇಶದ ಆದಾಯ ಯಾರಿಗೆ ಎಷ್ಟು ಹೋಗುತ್ತದೆ ಅನ್ನುವ ಸರಿಯಾದ ಲೆಕ್ಕವೇ ಇಲ್ಲದೆ ಜಗಳ ಆಡಿ ಏನು ಪ್ರಯೋಜನ ಅಂತ ಒಟ್ಟಿಗೆ ಕೂತರು. ಸರ್ಕಾರ ಹೀಗೆ ಮಾಡಬೇಕು ಅಂತ ಈ ಸಂಸ್ಥೆ ಇವತ್ತಿಗೂ ಸಲಹೆ ಕೊಡುವುದಿಲ್ಲ. ಅದಕ್ಕೇ ಎರಡೂ ಪಕ್ಷದವರು ಅದರ ಮಾತು ಕೇಳುತ್ತಾರೆ ಅನ್ನುವುದು ನನ್ನ ನಂಬಿಕೆ.

ರಿಸೆಷನ್ ಯಾವಾಗ ಶುರು, ಯಾವಾಗ ಮುಗಿಯಿತು ಅಂತ ತಿಂಗಳು ಗುರುತಿಸೋದು ಅಲ್ಲಿನ ಅರ್ಥಶಾಸ್ತ್ರಜ್ಞರ ಒಂದು ಸಣ್ಣ ಸಮಿತಿ. ಸತತ ಎರಡು ತ್ರೈಮಾಸಿಕ ಜಿಡಿಪಿ ಇಳಿದರೆ ರಿಸೆಷನ್ ಅಂತಾರಲ್ವಾ, ಅದು ಇವರ ನಿಯಮ ಅಲ್ಲ. ಉದ್ಯೋಗ, ಜನರ ಆದಾಯ, ಖರ್ಚು, ಕಾರ್ಖಾನೆಗಳ ಉತ್ಪಾದನೆ ಎಲ್ಲ ನೋಡುತ್ತಾರೆ. 2022ರಲ್ಲಿ ಎರಡು ತ್ರೈಮಾಸಿಕ ಜಿಡಿಪಿ ಇಳಿಯಿತು ಅಂತ ಅಂಕಿ ಬಂದಾಗ ದೊಡ್ಡ ಗಲಾಟೆ ಆಯಿತು, ಆದರೆ ಉದ್ಯೋಗ ಏರುತ್ತಲೇ ಇತ್ತು, ಇವರು ರಿಸೆಷನ್ ಅನ್ನಲಿಲ್ಲ.

ಒಂದೇ ತೊಂದರೆ, ಇವರು ಹೇಳೋದು ತುಂಬಾ ತಡ. 2007ರ ಡಿಸೆಂಬರ್‌ನಲ್ಲಿ ಶುರುವಾದ ರಿಸೆಷನ್ ಅನ್ನು ಘೋಷಿಸಿದ್ದು 2008ರ ಡಿಸೆಂಬರ್‌ನಲ್ಲಿ, ಅಷ್ಟು ಹೊತ್ತಿಗೆ ಲೇಮನ್ ಬ್ರದರ್ಸ್ ಅನ್ನುವ ಅಲ್ಲಿನ ದೊಡ್ಡ ಬ್ಯಾಂಕ್ ಮುಳುಗಿಯೇ ಹೋಗಿತ್ತು. ಕೋವಿಡ್ ರಿಸೆಷನ್ 2020ರ ಏಪ್ರಿಲ್‌ಗೇ ಮುಗಿದಿತ್ತು, ಎರಡೇ ತಿಂಗಳು. ಮುಗಿಯಿತು ಅಂತ ಹೇಳಿದ್ದು 2021ರ ಜುಲೈನಲ್ಲಿ! ಮೊದಲು ಬಂದ ಅಂಕಿಗಳು ಆಮೇಲೆ ತಿದ್ದುಪಡಿ ಆಗುತ್ತವೆ, ಅದಕ್ಕೇ ಕಾಯುತ್ತಾರೆ. ಇತಿಹಾಸ ಬರೆಯೋರಿಗೆ ಅದು ಸರಿ, ಸಾಲ ಮಾಡೋರಿಗೆ ಉಪಯೋಗ ಇಲ್ಲ.

ಹಾಗಾಗಿ ಆ ಘೋಷಣೆಗೆ ಸುಮ್ನೆ ಕಾಯಬೇಡಿ. ಅಮೆರಿಕದ ಕಾರ್ಮಿಕ ಇಲಾಖೆ ಪ್ರತಿ ತಿಂಗಳು ಕೊಡುವ ಉದ್ಯೋಗದ ಅಂಕಿ ನೋಡಿ. ಅದಕ್ಕಿಂತ ಜಾಸ್ತಿ ಮುಖ್ಯವಾಗಿ ಮಗನನ್ನೇ ಕೇಳಿ: ಅವನ ಪ್ರಾಜೆಕ್ಟ್ ಮುಂದಿನ ವರ್ಷಕ್ಕೆ ರಿನ್ಯೂ ಆಗಿದೆಯಾ, ಕಂಪನಿಯಲ್ಲಿ ಕೆಲಸ ಇಲ್ಲದೆ ಬೆಂಚ್ ಮೇಲಿರುವವರು ಹೆಚ್ಚಾಗುತ್ತಿದ್ದಾರಾ, ಕೈಯಲ್ಲಿ ಆರು ತಿಂಗಳ ಕಂತಿನ ದುಡ್ಡಿದೆಯಾ ಅಂತ.