ನ್ಯಾಕ್ ಗ್ರೇಡ್ ನೋಡಿ ಸೀಟು ತಗೊಳ್ಳಬಹುದಾ?

ಪ್ರಶ್ನೆ: ಮಗಳನ್ನು ಎಂ.ಎಸ್ಸಿ.ಗೆ ಸೇರಿಸಬೇಕು. ಎರಡು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಗುವ ಹಾಗಿದೆ. ಒಂದಕ್ಕೆ ನ್ಯಾಕ್‌ನ (ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ಸಂಸ್ಥೆ) ಎ ಗ್ರೇಡ್, ಇನ್ನೊಂದಕ್ಕೆ ಬಿ ಪ್ಲಸ್. ಎ ಇರುವ ಕಡೆ ಪಾಠ ಚೆನ್ನಾಗಿರುತ್ತದೆ ಅಂತ ನಂಬಬಹುದಾ?

ಉತ್ತರ: ಗ್ರೇಡ್ ಒಂದನ್ನೇ ನೋಡಿ ನಂಬಬೇಡಿ ಸರ್. ಅದು ಇಡೀ ವಿಶ್ವವಿದ್ಯಾಲಯಕ್ಕೆ ಕೊಟ್ಟದ್ದು, ನಿಮ್ಮ ಮಗಳು ಸೇರುವುದು ಒಂದು ವಿಭಾಗಕ್ಕೆ. 2017ರಲ್ಲಿ ಬಂದ ಪದ್ಧತಿಯಲ್ಲಿ ವಿಶ್ವವಿದ್ಯಾಲಯಗಳಿಗೆ ಒಟ್ಟು 1000 ಅಂಕ. ಅದರಲ್ಲಿ ಸಂಶೋಧನೆಗೆ 250, ಬೋಧನೆ ಮತ್ತು ಮೌಲ್ಯಮಾಪನಕ್ಕೆ 200, ಪಠ್ಯಕ್ರಮಕ್ಕೆ 150, ಉಳಿದ ನಾಲ್ಕು ಭಾಗಗಳಿಗೆ ತಲಾ 100. ಅಂದರೆ ಸಂಶೋಧನೆ, ಕಟ್ಟಡ, ಲೈಬ್ರರಿ ಎಲ್ಲದರಲ್ಲೂ ಒಳ್ಳೆಯ ಅಂಕ ಬಂದು ಪಾಠದಲ್ಲಿ ಸ್ವಲ್ಪ ಹಿಂದೆ ಬಿದ್ದರೂ ಒಟ್ಟು ಗ್ರೇಡ್ ಚೆನ್ನಾಗಿಯೇ ಕಾಣುತ್ತದೆ. ಇನ್ನೊಂದು ವಿಷಯ. ಈ ಅಂಕಗಳಿಂದ ಕೊನೆಗೆ ನಾಲ್ಕಕ್ಕೆ ಎಷ್ಟು ಅಂತ ಸರಾಸರಿ ತೆಗೆಯುತ್ತಾರೆ. 3.01 ಬಂದರೆ ಎ, 3.00 ಬಂದರೆ ಬಿ ಡಬಲ್ ಪ್ಲಸ್. ಆ 0.01ರ ವ್ಯತ್ಯಾಸದಲ್ಲಿ ಪಾಠದ ಮಟ್ಟ ಬದಲಾಗಲ್ಲ ಅಲ್ವಾ?

ಹೀಗೆ ಮಾಡಿ. ತಮ್ಮ ಬಗ್ಗೆ ತಾವೇ ಬರೆದು ನ್ಯಾಕ್‌ಗೆ ಕೊಟ್ಟ ಸ್ವಯಂ ಅಧ್ಯಯನ ವರದಿಯನ್ನು ವಿಶ್ವವಿದ್ಯಾಲಯಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕಿರುತ್ತವೆ. ಅದರ ಎರಡನೇ ಭಾಗ ಓದಿ. ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಭರ್ತಿಯಾಗಿವೆ, ಒಬ್ಬ ಅಧ್ಯಾಪಕರಿಗೆ ಎಷ್ಟು ವಿದ್ಯಾರ್ಥಿಗಳು, ಪರೀಕ್ಷೆ ಮುಗಿದ ಎಷ್ಟು ದಿನಕ್ಕೆ ಫಲಿತಾಂಶ ಬರುತ್ತದೆ, ಎಲ್ಲ ಅಲ್ಲಿರುತ್ತದೆ. ವರದಿ ಯಾವ ವರ್ಷದ್ದು ಅಂತಲೂ ನೋಡಿ, ಗ್ರೇಡ್ ಸಾಮಾನ್ಯವಾಗಿ 5 ವರ್ಷ ನಡೆಯುತ್ತದೆ, ಅಷ್ಟರಲ್ಲಿ ಎಷ್ಟೋ ಜನ ನಿವೃತ್ತರಾಗಿರುತ್ತಾರೆ. ಆಮೇಲೆ ವಿಭಾಗಕ್ಕೇ ಹೋಗಿ ಈಗ ಓದುತ್ತಿರುವ ಮಕ್ಕಳನ್ನು ಮಾತಾಡಿಸಿ.

ಪ್ರಶ್ನೆ: ನಾನು ಅತಿಥಿ ಉಪನ್ಯಾಸಕಿ. ನ್ಯಾಕ್ ತಂಡ ಬರುತ್ತದೆ ಅಂದರೆ ಗೋಡೆಗೆ ಬಣ್ಣ, ಹೊಸ ಬೋರ್ಡು, ರಾತ್ರಿಯವರೆಗೂ ಫೈಲು ಕೆಲಸ. ತಂಡ ಹೋದ ಮೇಲೆ ಎಲ್ಲ ಮೊದಲಿನ ಹಾಗೆಯೇ. ಇದರಿಂದ ನಿಜವಾಗಿ ಗುಣಮಟ್ಟ ಏರುತ್ತದಾ?

ಉತ್ತರ: ಏರುತ್ತದೆ ಮೇಡಂ, ಆದರೆ ಎಲ್ಲ ಕಡೆ ಅಲ್ಲ. ನಿಮ್ಮ ಬೇಸರ ಅರ್ಥವಾಗುತ್ತದೆ, ಫೈಲಿನ ಭಾರ ಹೆಚ್ಚಾಗಿ ಬೀಳುವುದು ನಿಮ್ಮಂಥವರ ಮೇಲೇ. ಆದರೂ 1994ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಬೆಂಗಳೂರಿನಲ್ಲಿ ನ್ಯಾಕ್ ಶುರು ಮಾಡಿದ್ದರಿಂದ ಒಂದು ದೊಡ್ಡ ಲಾಭ ಆಗಿದೆ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ವಿಶ್ವವಿದ್ಯಾಲಯ ತನ್ನ ಲೆಕ್ಕವನ್ನು ತಾನೇ ಬರೆದು ಹೊರಗಿನವರ ಮುಂದೆ ಇಡಬೇಕಾಯಿತು. ಫಲಿತಾಂಶಕ್ಕೆ ಎಷ್ಟು ದಿನ ಹಿಡಿಯಿತು ಅಂತ ಪ್ರತಿ ವರ್ಷದ್ದೂ ಬರೆಯಬೇಕು ಅಂದಾಗ ಪರೀಕ್ಷಾ ವಿಭಾಗದ ಮೇಲೆ ಒತ್ತಡ ಬೀಳುತ್ತದೆ. ಪಠ್ಯಕ್ರಮ ಯಾವಾಗ ಬದಲಾಯಿತು ಅಂತ ಕೇಳಿದಾಗ ಹಳೇ ಸಿಲೆಬಸ್ ಹೊರಗೆ ಬರುತ್ತದೆ.

ಏರದಿರುವುದು ಎಲ್ಲಿ ಗೊತ್ತಾ? ಕಾಯಂ ಹುದ್ದೆಗಳಲ್ಲಿ. ಖಾಲಿ ಹುದ್ದೆಗೆ ಅಂಕ ಹೋಗುತ್ತದೆ, ಅಷ್ಟೇ. ಅದನ್ನು ತುಂಬಲು ರಾಜ್ಯ ಸರ್ಕಾರದ ಒಪ್ಪಿಗೆ ಬೇಕು, ದುಡ್ಡು ಬೇಕು. ಪರೀಕ್ಷೆಗೆ ಕೂರುವವರು ಕುಲಪತಿ, ಉತ್ತರ ಇರುವುದು ವಿಧಾನಸೌಧದಲ್ಲಿ. ನನಗೆ ಇದೇ ದೊಡ್ಡ ಕೊರತೆ ಅನಿಸುತ್ತದೆ. ಒಂದು ವಿಭಾಗ ಪೂರ್ತಿ ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿದ್ದರೆ, ಅವರಿಗೆ ಮುಂದಿನ ವರ್ಷ ಕೆಲಸ ಇರುತ್ತದಾ ಅಂತಲೇ ಗೊತ್ತಿಲ್ಲದಿದ್ದರೆ, ಯಾವ ಗ್ರೇಡ್ ಬಂದು ಏನು ಪ್ರಯೋಜನ?

ಬಣ್ಣದ ವಿಷಯ. ತಂಡ ಬರುವ ದಿನಕ್ಕಷ್ಟೇ ತಯಾರಿ ಆಗಬಾರದು ಅಂತಲೇ ಆಂತರಿಕ ಗುಣಮಟ್ಟ ಕೋಶ, ಅಂದರೆ ಐಕ್ಯೂಎಸಿ ಇರುವುದು. ಪ್ರತಿ ವರ್ಷ ವರದಿ ಕೊಡಬೇಕಾದ್ದು ಅದರ ಕೆಲಸ. ಈ ಕೋಶ ವರ್ಷವಿಡೀ ಸಭೆ ಸೇರಿ ಕೆಲಸ ಮಾಡಿದರೆ ವ್ಯತ್ಯಾಸ ಉಳಿಯುತ್ತದೆ, ಬರೀ ಕೊನೇ ವರ್ಷ ಎದ್ದು ಕುಳಿತರೆ ಉಳಿಯಲ್ಲ. ಗ್ರೇಡ್ ಒಂದೇ ಗುರಿಯಾದರೆ ಏನಾಗಬಹುದು ಅಂತಲೂ ನೋಡಿದ್ದೇವೆ. 2025ರ ಫೆಬ್ರವರಿಯಲ್ಲಿ ಆಂಧ್ರದ ಒಂದು ಖಾಸಗಿ ಸಂಸ್ಥೆಗೆ ಒಳ್ಳೇ ಗ್ರೇಡ್ ಕೊಡಲು ಲಂಚ ಪಡೆದ ಆರೋಪದ ಮೇಲೆ ಸಿಬಿಐ ನ್ಯಾಕ್ ಪರಿಶೀಲನಾ ತಂಡದವರನ್ನೇ ಬಂಧಿಸಿತು. ಅದಕ್ಕೆ ಒಂದು ವರ್ಷ ಮೊದಲೇ, 2024ರ ಜನವರಿಯಲ್ಲಿ, ಅಕ್ಷರದ ಗ್ರೇಡ್ ಬಿಟ್ಟು ಮಾನ್ಯತೆ ಇದೆ ಅಥವಾ ಇಲ್ಲ ಅನ್ನುವ ಪದ್ಧತಿಗೆ ಹೋಗುವುದಾಗಿ ನ್ಯಾಕ್ ಹೇಳಿತ್ತು. ಪೈಪೋಟಿ ಕಡಿಮೆಯಾದರೆ ಒಳ್ಳೆಯದೇ, ಆದರೆ ಹುದ್ದೆ ತುಂಬದೆ ಯಾವ ಪದ್ಧತಿ ಬಂದರೂ ನಿಮ್ಮ ಕ್ಲಾಸಿನ ಪರಿಸ್ಥಿತಿ ಬದಲಾಗಲ್ಲ.

ಪ್ರಶ್ನೆ: ನಾನು ವಿದ್ಯಾರ್ಥಿ. ನ್ಯಾಕ್‌ನ ವಿದ್ಯಾರ್ಥಿಗಳ ತೃಪ್ತಿ ಸಮೀಕ್ಷೆ ಅಂತ ನನಗೆ ಇಮೇಲ್ ಬಂದಿದೆ. ಎಲ್ಲದಕ್ಕೂ ಪೂರ್ತಿ ಅಂಕ ಕೊಡಿ ಅಂತ ವಿಭಾಗದಲ್ಲಿ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಇದ್ದದ್ದನ್ನು ಇದ್ದ ಹಾಗೆ ತುಂಬಿ. ಚೆನ್ನಾಗಿ ಪಾಠ ಮಾಡುವವರಿಗೆ ಧಾರಾಳವಾಗಿ ಅಂಕ ಕೊಡಿ, ಕ್ಲಾಸೇ ನಡೆಯದಿದ್ದರೆ ಅದನ್ನೂ ಹೇಳಿ. ಕೊನೆಯಲ್ಲಿ ಸಲಹೆ ಬರೆಯಲು ಜಾಗ ಇರುತ್ತದೆ, ಅದನ್ನು ಸುಮ್ನೆ ಖಾಲಿ ಬಿಡಬೇಡಿ. ಯಾವ ಪೇಪರಿಗೆ ಅಧ್ಯಾಪಕರಿಲ್ಲ, ಯಾವ ಲ್ಯಾಬಿನಲ್ಲಿ ಉಪಕರಣ ಕೆಟ್ಟಿದೆ ಅಂತ ಸ್ಪಷ್ಟವಾಗಿ ಬರೆಯಿರಿ.