ನಾನು ಈಗಷ್ಟೇ ಕರ್ನಾಟಕ ಸಂಗೀತದ ಪಾಠ ಹೇಳಲು ಶುರುಮಾಡಿದ್ದೇನೆ. ಪಾಠ ಹೇಳುವಾಗ ನೀವು ಪಾಲಿಸುವ ತತ್ವ ಏನು?

ನೀವು ಈಗಷ್ಟೇ ಪಾಠ ಶುರುಮಾಡಿದ್ದೀರಿ ಅಂದಿರಿ. ಹಾಗಾಗಿ ತತ್ವಕ್ಕೆ ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಮೊದಲ ನಾಲ್ಕೈದು ವರ್ಷ ನಾನು ಮಕ್ಕಳ ಜೊತೆಜೊತೆಗೇ ಹಾಡುತ್ತಿದ್ದೆ. ಕೇಳುವುದಕ್ಕೆ ತರಗತಿ ಚೆನ್ನಾಗಿಯೇ ಇರುತ್ತಿತ್ತು. ಒಂದು ದಿನ ನನಗೆ ಗಂಟಲು ಕಟ್ಟಿತು, ನೀವೇ ಹಾಡಿ ಅಂದು ಸುಮ್ಮನೆ ಕೂತೆ. ಗೀತೆಗಳನ್ನು ಮುಗಿಸಿದ್ದ ಮಕ್ಕಳು, ಅದಕ್ಕೂ ಮೊದಲೇ ಕಲಿತ ಜಂಟಿ ವರಸೆಯಲ್ಲೇ (ಸ್ವರಗಳನ್ನು ಜೋಡಿಜೋಡಿಯಾಗಿ ಹಾಡುವ ಅಭ್ಯಾಸ) ಶ್ರುತಿ ಬಿಟ್ಟರು. ಅಷ್ಟು ದಿನ ಅವರಿಗೆ ಶ್ರುತಿ ಹಿಡಿದು ಕೊಡುವ ತಂಬೂರಿ ಕೇಳಿಸಿಯೇ ಇರಲಿಲ್ಲ, ನನ್ನ ದನಿಯನ್ನೇ ಹಿಡಿದುಕೊಂಡು ನಡೆಯುತ್ತಿದ್ದರು.

ಅಲ್ಲಿಂದ ನನ್ನದು ಒಂದೇ ಹಟ: ತಪ್ಪು ನನಗಿಂತ ಮೊದಲು ಹಾಡುವವರ ಕಿವಿಗೆ ಸಿಗಬೇಕು. ಒಮ್ಮೆ ಹಾಡಿ ತೋರಿಸುತ್ತೇನೆ, ಆಮೇಲೆ ಬಾಯಿ ಮುಚ್ಚುತ್ತೇನೆ. (ಇದು ಹಾಡುವುದಕ್ಕಿಂತ ಕಷ್ಟ, ನಂಬಿ.)

ಮೊದಲ ಪಾಠಗಳನ್ನು ಪುರಂದರದಾಸರು ಮಾಯಾಮಾಳವಗೌಳ ರಾಗದಲ್ಲಿ ಇಟ್ಟರು ಅನ್ನುತ್ತದೆ ಸಂಪ್ರದಾಯ. ಆ 15ನೇ ಮೇಳದ (ಮೂಲ ರಾಗದ) ಅನುಕೂಲ ನನಗೆ ಅರ್ಥವಾಗಿದ್ದು ಸುಮ್ಮನಿರಲು ಕಲಿತ ಮೇಲೆ. ಸ-ರಿ-ಗ-ಮ ನಡುವಿನ ಅಂತರಗಳೇ ಪ-ದ-ನಿ-ಸ ನಡುವೆಯೂ ಇವೆ. ಸ-ಕ್ಕೆ ರಿ ಎಷ್ಟು ಹತ್ತಿರವೋ ಪ-ಕ್ಕೆ ದ ಅಷ್ಟೇ ಹತ್ತಿರ. ಮಗುವಿನ ಧೈವತ, ಅಂದರೆ ದ, ಮೇಲಕ್ಕೆ ಜಾರಿತು ಅನ್ನಿ. "ತಪ್ಪು" ಅನ್ನುವುದಿಲ್ಲ. "ಸ ರಿ ಹಾಡು. ಈಗ ಪ ದ ಹಾಡು. ಎರಡೂ ಒಂದೇ ಥರ ಇದೆಯಾ ಪುಟ್ಟಾ?" ಅನ್ನುತ್ತೇನೆ. ಹೆಚ್ಚಿನ ಸಲ ತಾನೇ ನಕ್ಕು ಕೆಳಗಿಳಿಯುತ್ತದೆ. ಕೆಲವೊಮ್ಮೆ ಇದೊಂದಕ್ಕೇ ಹತ್ತು ನಿಮಿಷ ಹೋಗುತ್ತದೆ. ಹೋಗಲಿ.

ಅಪ್ಪ-ಅಮ್ಮಂದಿರಿಗೆ ಮೂರನೇ ಕಾಲ, ಅಂದರೆ ಮೂರನೇ ವೇಗ, ಕೇಳುವ ಆಸೆ. ನಾನು ನೋಡುವುದು ಒಂದನೇ ಕಾಲ. ತಾಳದ ಒಂದು ಅಕ್ಷರಕ್ಕೆ (ಎಣಿಕೆಗೆ) ನಾಲ್ಕು ಸ್ವರ ಓಡುವಾಗ ಅರೆಬೆಂದ ಸ್ವರವೂ ದಾಟಿಹೋಗುತ್ತದೆ. ಅಕ್ಷರಕ್ಕೊಂದೇ ಸ್ವರ ನಿಲ್ಲಿಸುವಾಗ ಉಸಿರು, ನಡುಕ ಎಲ್ಲ ಬಯಲು.

ಹಾಗಂತ ಸುಮ್ಮನಿರುವುದು ಎಲ್ಲ ಕಡೆ ನಡೆಯುವುದಿಲ್ಲ. ಗಮಕದ (ಸ್ವರವನ್ನು ತೂಗಿ, ಬಳುಕಿಸಿ ಹಾಡುವುದರ) ಹತ್ತಿರ ನನ್ನ ಹಟ ಸೋಲುತ್ತದೆ. ಪುಸ್ತಕದಲ್ಲಿ ಬರೀ "ಗ" ಅಂತಿರುತ್ತದೆ, ತೋಡಿ ರಾಗದ ಗಾಂಧಾರದ ತೂಗಾಟ ಆ ಅಕ್ಷರದಲ್ಲಿ ಎಲ್ಲಿದೆ? ಅದನ್ನು ತಾನಾಗಿ ಹುಡುಕಿಕೊ ಅನ್ನುವುದು ಅನ್ಯಾಯ. ಅಲ್ಲಿ ಸಾಲು ಸಾಲಾಗಿ, ಬೇಸರವಿಲ್ಲದೆ, ಇಪ್ಪತ್ತು ಸಲವಾದರೂ ಹಾಡುತ್ತೇನೆ.

ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಧಾರಾಳವಾಗಿ. ಆದರೆ ನನ್ನದರ ಜೊತೆ ನಿಮ್ಮದನ್ನೂ ಮಾಡಿಕೊಂಡು, ಮುಂದಿನ ಪಾಠಕ್ಕೆ ಬರುವ ಮುಂಚೆ ಮೊದಲು ನಿಮ್ಮದನ್ನೇ ಕೇಳಿ ಅನ್ನುತ್ತೇನೆ. ಆಮೇಲೆ ಎಷ್ಟೋ ಮಂದಿ ತಿದ್ದಿಕೊಂಡೇ ಬರುತ್ತಾರೆ.